ಸರಕಾರದ ಕಿರ್ದಿ, ನಮ್ಮ ಕಿರ್ದಿ

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಕೂಡುಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಇಂದಿನ ಸಭೆಗೆ ಇಟ್ಟಿರುವ ವಿಷಯ ಸರಕಾರದ ಖರ್ಚು. ಈ ವಿಷಯ ಎತ್ತಿದೊಡನೆ ನಮ್ಮಲ್ಲೇ ಎರಡು ಮಾತು ಹುಟ್ಟುತ್ತದೆ. ಅಂಗಡಿಕಾರರು, "ತೆರಿಗೆ ಕೊಟ್ಟು ಕೊಟ್ಟು ಸಾಕಾಯಿತು, ಸರಕಾರ ಮೊದಲು ತನ್ನ ಖರ್ಚು ಇಳಿಸಲಿ" ಎನ್ನುತ್ತಾರೆ. ಕಾರ್ಮಿಕರು, "ಖರ್ಚು ಇಳಿಸುತ್ತೇವೆಂದು ಹೊರಟಾಗಲೆಲ್ಲ ನಮ್ಮ ಆಸ್ಪತ್ರೆಗೆ, ನಮ್ಮ ಶಾಲೆಗೆ, ನಮ್ಮ ರೇಷನ್ನಿಗೇ ಕುತ್ತು ಬರುತ್ತದೆ" ಎನ್ನುತ್ತಾರೆ. ಇಬ್ಬರು ಹೇಳುವುದೂ ನಿಜ. ಆದರೆ ಈ ಎರಡು ನಿಜಗಳನ್ನು ಒಂದರ ಮೇಲೊಂದು ಎತ್ತಿಕಟ್ಟಿ ಲಾಭ ಮಾಡಿಕೊಳ್ಳುವವರು ಇದ್ದಾರೆ. ಆದುದರಿಂದ ಈ ಸಂಜೆ ನಾವು ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಲೆಕ್ಕ ನೋಡೋಣ.

ಮೊದಲೇ ಒಂದು ಮಾತು ಸ್ಪಷ್ಟವಾಗಲಿ. ಸಮಾಜವಾದಿಗಳಾದ ನಾವು ಸರಕಾರದ ದುಂದುವೆಚ್ಚದ ಪರ ವಕಾಲತ್ತು ಮಾಡುವವರಲ್ಲ. ಬೊಕ್ಕಸದಲ್ಲಿರುವುದು ಬರಿಯ ಶ್ರೀಮಂತರ ಹಣವಲ್ಲ. ಸೋಪು ಕೊಂಡವನೂ, ಚಪ್ಪಲಿ ಕೊಂಡವನೂ ತೆರಿಗೆ ಕೊಡುತ್ತಾನೆ. ಆ ಹಣದಲ್ಲಿ ಒಂದು ರೂಪಾಯಿ ಪೋಲಾದರೂ ಅದು ದುಡಿಯುವವನ ಬೆವರಿನದು. ಆದುದರಿಂದ ಮಿತವ್ಯಯ ಬೇಕು ಎಂದು ಎಲ್ಲರಿಗಿಂತ ಮೊದಲು ಕೇಳಬೇಕಾದವರು ನಾವೇ.

ಹಿಂದೆ ಹಾಗೆ ಕೇಳಿದವರೂ ಇದ್ದಾರೆ. 1930ರ ಮಾರ್ಚಿಯಲ್ಲಿ, ಉಪ್ಪಿನ ಸತ್ಯಾಗ್ರಹಕ್ಕೆ ಹೊರಡುವ ಮುನ್ನ, ಗಾಂಧೀಜಿ ವೈಸರಾಯರಿಗೆ ಒಂದು ಕಾಗದ ಬರೆದರು. ವೈಸರಾಯರಿಗೆ ತಿಂಗಳಿಗೆ 21 ಸಾವಿರ ರೂಪಾಯಿಗೂ ಹೆಚ್ಚು ಸಂಬಳ, ಅಂದರೆ ದಿನಕ್ಕೆ 700 ರೂಪಾಯಿ. ಭಾರತೀಯನ ಸರಾಸರಿ ಆದಾಯ ದಿನಕ್ಕೆ ಎರಡು ಆಣೆಗೂ ಕಡಿಮೆ. ಈ ಲೆಕ್ಕವನ್ನು ಅವರು ಆ ಕಾಗದದಲ್ಲಿ ಇಟ್ಟರು. ಮರುವರ್ಷ, 1931ರಲ್ಲಿ, ಕರಾಚಿ ಕಾಂಗ್ರೆಸ್ಸು ಒಂದು ಗೊತ್ತುವಳಿ ಮಾಡಿತು: ವಿಶೇಷ ತಜ್ಞರನ್ನು ಬಿಟ್ಟರೆ ಯಾವ ಸರಕಾರಿ ನೌಕರನಿಗೂ ಸಾಮಾನ್ಯವಾಗಿ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಸಂಬಳ ಇರಕೂಡದು. ಸ್ವಾತಂತ್ರ್ಯ ಬಂದ ಮೇಲೆ ಆ ಗೊತ್ತುವಳಿ ಕಾಗದದಲ್ಲೇ ಉಳಿಯಿತು. 1963ರ ಆಗಸ್ಟಿನಲ್ಲಿ ಲೋಕಸಭೆಯಲ್ಲಿ ಮೊದಲ ಅವಿಶ್ವಾಸ ನಿರ್ಣಯದ ಚರ್ಚೆ ನಡೆದಾಗ ಡಾ. ರಾಮಮನೋಹರ ಲೋಹಿಯಾ ಎದ್ದು ನಿಂತು, ದೇಶದ 27 ಕೋಟಿ ಜನ ದಿನಕ್ಕೆ ಮೂರು ಆಣೆಯಲ್ಲಿ ಬದುಕುತ್ತಿರುವಾಗ ಪ್ರಧಾನಮಂತ್ರಿಯ ಮೇಲೆ ದಿನಕ್ಕೆ 25 ಸಾವಿರ ರೂಪಾಯಿ ಖರ್ಚಾಗುತ್ತಿದೆ ಎಂದರು. ಮೂರು ಆಣೆಯಲ್ಲ, ಹದಿನೈದು ಆಣೆ ಎಂದು ಸರಕಾರದ ಕಡೆಯಿಂದ ಉತ್ತರ ಬಂತು. ಹದಿನೈದು ಎಂದರೂ ಒಂದು ರೂಪಾಯಿ ತುಂಬಲಿಲ್ಲ ಎಂಬುದನ್ನು ಕೇಳಿದವರೆಲ್ಲ ಗಮನಿಸಿದರು.

ಈ ಪರಂಪರೆ ನಮ್ಮದು. ಆದರೆ ಇಲ್ಲಿ ನಾವು ನಮ್ಮನ್ನೇ ಮೋಸಮಾಡಿಕೊಳ್ಳಬಾರದು. ಮಂತ್ರಿಗಳ ಕಾರು ಮಾರಿ, ಸಮಾರಂಭಗಳ ಹಾರ ತುರಾಯಿ ನಿಲ್ಲಿಸಿದರೆ ಬಜೆಟ್ಟು ಸರಿಹೋದೀತು ಎಂದು ನಾವು ಹೇಳುವುದಿಲ್ಲ. 2025-26ರ ಕರ್ನಾಟಕದ ಬಜೆಟ್ಟು 4 ಲಕ್ಷ 9 ಸಾವಿರ ಕೋಟಿ ರೂಪಾಯಿಯದು. ಅದರಲ್ಲಿ ಕಾರು, ಹಾರಗಳ ಬಾಬತ್ತು ಹಿಟ್ಟಿನೊಳಗಿನ ಉಪ್ಪಿನಷ್ಟು. ಆಡಂಬರ ನಿಲ್ಲಬೇಕು, ಏಕೆಂದರೆ ಆಳುವವನು ಮಿತವಾಗಿ ಬಾಳದಿದ್ದರೆ ಅವನ ಮಿತವ್ಯಯದ ಮಾತನ್ನು ಯಾರೂ ನಂಬುವುದಿಲ್ಲ. ಆದರೆ ದೊಡ್ಡ ಹಣ ಹೋಗುವುದು ಬೇರೆ ಕಡೆ. ಅದನ್ನು ಹುಡುಕುವುದು ಹೇಗೆ?

ವ್ಯಾಪಾರಿ ಮಿತ್ರರಿಗೆ ಕಿರ್ದಿ ಎಂದರೇನೆಂದು ಹೇಳಬೇಕಾಗಿಲ್ಲ. ಸಂಜೆ ಅಂಗಡಿ ಮುಚ್ಚುವ ಮುನ್ನ ಬಂದದ್ದನ್ನೂ ಹೋದದ್ದನ್ನೂ ಬರೆಯುವ ಪುಸ್ತಕ. ಸರಕಾರಕ್ಕೂ ಒಂದು ಕಿರ್ದಿ ಇದೆ. ಅದು ಅಚ್ಚಾಗುತ್ತದೆ, ವಿಧಾನಸೌಧದಲ್ಲಿ ಮಂಡನೆಯಾಗುತ್ತದೆ, ಪತ್ರಿಕೆಯಲ್ಲಿ ಬರುತ್ತದೆ. ಇನ್ನೊಂದು ಕಿರ್ದಿ ನಿಮ್ಮ ಮನೆಯದು. ಅದು ಎಲ್ಲಿಯೂ ಅಚ್ಚಾಗುವುದಿಲ್ಲ. ಸರಕಾರ ಒಂದು ಖರ್ಚನ್ನು ಕಡಿಮೆ ಮಾಡಿದಾಗ ನಾವು ಈ ಎರಡು ಕಿರ್ದಿಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಸರಕಾರದ ಕಿರ್ದಿಯಲ್ಲಿ ಇಳಿದ ಖರ್ಚು ನಮ್ಮ ಕಿರ್ದಿಯಲ್ಲಿ ಏರಿದ್ದರೆ ಅದು ಉಳಿತಾಯವಲ್ಲ, ಬಾಬತ್ತಿನ ವರ್ಗಾವಣೆ. ಎರಡು ಕಿರ್ದಿಗಳಿಂದಲೂ ಹೋದ ಖರ್ಚು ಮಾತ್ರ ನಿಜವಾದ ಉಳಿತಾಯ. ಇಂದು ನಾವು ಹೇಳಬೇಕೆಂದಿರುವುದು ಇದೊಂದೇ ಮಾತು. ಉಳಿದದ್ದೆಲ್ಲ ಇದಕ್ಕೆ ಉದಾಹರಣೆ.

ಸುಳ್ಳು ಉಳಿತಾಯದ ಉದಾಹರಣೆಗೆ ದೂರ ಹೋಗಬೇಕಿಲ್ಲ. 2002ರಲ್ಲಿ ಕರ್ನಾಟಕ ವಿತ್ತೀಯ ಹೊಣೆಗಾರಿಕೆಯ ಕಾಯಿದೆ ಮಾಡಿತು. ದೇಶದ ರಾಜ್ಯಗಳಲ್ಲಿ ಇಂಥ ಕಾಯಿದೆ ಮೊದಲು ಮಾಡಿದ ರಾಜ್ಯ ನಮ್ಮದೇ. ಕೊರತೆಗೆ ಒಂದು ಮಿತಿ ಇರಬೇಕು ಎಂಬುದರಲ್ಲಿ ತಪ್ಪಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಆದರೆ ಮಿತಿಯೊಳಗೆ ಇರಲು ಸರಕಾರಗಳು ಕಂಡುಕೊಂಡ ಸುಲಭೋಪಾಯಗಳಲ್ಲಿ ಒಂದು ಹುದ್ದೆಗಳನ್ನು ತುಂಬದೆ ಬಿಡುವುದು. ರಾಜ್ಯದಲ್ಲಿ ಮಂಜೂರಾದ ಹುದ್ದೆಗಳು ಏಳು ಲಕ್ಷಕ್ಕೂ ಹೆಚ್ಚು. 2024ರ ಹೊತ್ತಿಗೆ ಅವುಗಳಲ್ಲಿ ಎರಡೂವರೆ ಲಕ್ಷದಷ್ಟು ಖಾಲಿ ಇದ್ದವು. ಮೂರರಲ್ಲಿ ಒಂದು ಕುರ್ಚಿ ಖಾಲಿ ಎಂದಾಯಿತು.

ಸರಕಾರದ ಕಿರ್ದಿಯಲ್ಲಿ ಇದು ಸಂಬಳದ ಉಳಿತಾಯ. ನಮ್ಮ ಕಿರ್ದಿಯಲ್ಲಿ ಏನಾಯಿತು ನೋಡೋಣ. ಸರ್ವೆ ಮಾಡುವವರು ಇಲ್ಲ. ಒಂದು ಕಾಗದಕ್ಕೆ ಮೂರು ಸಲ ತಾಲೂಕು ಕಚೇರಿಗೆ ಹೋದ ಕಾರ್ಮಿಕನಿಗೆ ಮೂರು ದಿನದ ಕೂಲಿ ಹೋಯಿತು. ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುವವರು ಇಲ್ಲ. ಎದುರುಗಡೆಯ ಖಾಸಗಿ ಲ್ಯಾಬಿಗೆ ದುಡ್ಡು ಎಣಿಸಿ ಬಂದದ್ದಾಯಿತು. ಶಾಲೆಯಲ್ಲಿ ಖಾಯಂ ಮೇಷ್ಟರಿಲ್ಲ; ವರ್ಷ ವರ್ಷವೂ ಅತಿಥಿ ಶಿಕ್ಷಕರು ಬರುತ್ತಾರೆ, ಗೌರವಧನಕ್ಕಾಗಿ ಕಾಯುತ್ತಾರೆ, ಹೋಗುತ್ತಾರೆ. ತಂದೆತಾಯಿ ಸಾಲ ಮಾಡಿ ಮಗುವನ್ನು ಫೀಜು ಕೊಡುವ ಶಾಲೆಗೆ ಸೇರಿಸುತ್ತಾರೆ. ಇದನ್ನೆಲ್ಲ ಕೂಡಿಸಿ ನೋಡಿದರೆ ಸರಕಾರ ಉಳಿಸಿದ್ದಕ್ಕಿಂತ ನಾವು ಕಳೆದುಕೊಂಡದ್ದು ಹೆಚ್ಚಾದೀತು. ಇದನ್ನು ಮಿತವ್ಯಯ ಎಂದು ಕರೆಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಗಿರಣಿಯವರಿಗೆ ಈ ಬಗೆಯ ಉಳಿತಾಯ ಹೊಸದಲ್ಲ. ಯಂತ್ರಕ್ಕೆ ಎಣ್ಣೆ ಹಾಕುವವನನ್ನು ಮೊದಲು ತೆಗೆಯುತ್ತಾರೆ, ಏಕೆಂದರೆ ಅವನು ನೂಲು ತೆಗೆಯುವವನಲ್ಲ. ಆರು ತಿಂಗಳು ಲೆಕ್ಕದಲ್ಲಿ ಲಾಭ ಕಾಣುತ್ತದೆ. ಆಮೇಲೆ ಬೇರಿಂಗು ಹೋಗುತ್ತದೆ, ಪಾಳಿ ನಿಲ್ಲುತ್ತದೆ, ಕೊನೆಗೆ "ಕಾರ್ಮಿಕರು ಸರಿಯಿಲ್ಲ, ಗಿರಣಿ ನಷ್ಟದಲ್ಲಿದೆ" ಎಂಬ ನೋಟೀಸು ಬಾಗಿಲಿಗೆ ಬೀಳುತ್ತದೆ. ಸರಕಾರಿ ಶಾಲೆ, ಸರಕಾರಿ ಆಸ್ಪತ್ರೆಗಳ ವಿಷಯದಲ್ಲೂ ಇದೇ ಕ್ರಮ ನಡೆಯುತ್ತಿದೆ. ಮೊದಲು ಎಣ್ಣೆ ನಿಲ್ಲಿಸುವುದು, ಆಮೇಲೆ ಯಂತ್ರ ಕೆಟ್ಟಿದೆ ಎನ್ನುವುದು, ಕೊನೆಗೆ ಮಾರುವುದು.

ಹಾಗಾದರೆ ನಿಜವಾದ ಉಳಿತಾಯ ಸಾಧ್ಯವೇ? ಸಾಧ್ಯ. ಈ ದೇಶದಲ್ಲಿಯೇ ಆಗಿದೆ. ಎರಡು ನಿದರ್ಶನ ಕೊಡುತ್ತೇವೆ.

ಮೊದಲನೆಯದು ರೇಷನ್ನಿನದು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಈ ಖಾತೆಗೆ ಬಹಳ ಕಾಲ ಒಪ್ಪುತ್ತಿತ್ತು. ಛತ್ತೀಸಗಢ ರಾಜ್ಯದಲ್ಲಿ 2004-05ರ ಸುಮಾರಿಗೆ ಬಡವರ ಹೆಸರಿನಲ್ಲಿ ಹೊರಟ ಧಾನ್ಯದಲ್ಲಿ ಹೆಚ್ಚುಕಡಿಮೆ ಅರ್ಧ ದಾರಿಯಲ್ಲೇ ಮಾಯವಾಗುತ್ತಿತ್ತು. 2009-10ರ ಹೊತ್ತಿಗೆ ಆ ಸೋರಿಕೆ ಹತ್ತರಲ್ಲೊಂದು ಪಾಲಿಗೆ ಇಳಿಯಿತು. ಇದು ರಾಜ್ಯ ಸರಕಾರ ತಾನೇ ಹೇಳಿಕೊಂಡದ್ದಲ್ಲ. ಮನೆಮನೆಗೆ ಹೋಗಿ ವಿಚಾರಿಸುವ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಅಂಕಿಗಳನ್ನು ಹಿಡಿದು ಅರ್ಥಶಾಸ್ತ್ರಜ್ಞರು ಹಾಕಿದ ಲೆಕ್ಕ.

ಅವರು ಮಾಡಿದ್ದೇನು? ಖಾಸಗಿಯವರ ಕೈಯಲ್ಲಿದ್ದ ನ್ಯಾಯಬೆಲೆ ಅಂಗಡಿಗಳನ್ನು ಪಂಚಾಯಿತಿಗಳಿಗೆ, ಸಹಕಾರ ಸಂಘಗಳಿಗೆ, ಮಹಿಳೆಯರ ಸ್ವಸಹಾಯ ಸಂಘಗಳಿಗೆ ವಹಿಸಿದರು. ಅಂಗಡಿಯವರು ಗೋದಾಮಿಗೆ ಹೋಗಿ ಧಾನ್ಯ ಎತ್ತುವ ಪದ್ಧತಿ ಬಿಟ್ಟು, ಸರಕಾರದ ಲಾರಿಯೇ ಅಂಗಡಿಯ ಬಾಗಿಲಿಗೆ ಮೂಟೆ ಇಳಿಸುವಂತೆ ಮಾಡಿದರು. ಲಾರಿ ಹಳದಿ ಬಣ್ಣದ್ದು, ಹೊರಟದ್ದೂ ಬಂದದ್ದೂ ಊರಿಗೆಲ್ಲ ಕಾಣುತ್ತಿತ್ತು. ಇನ್ನೊಂದು ಸಂಗತಿಯನ್ನು ವ್ಯಾಪಾರಿ ಮಿತ್ರರು ಗಮನವಿಟ್ಟು ಕೇಳಬೇಕು: ಅಂಗಡಿಯವರಿಗೆ ಸಿಗುವ ಕಮಿಷನ್ನನ್ನು ಹಲವು ಪಟ್ಟು ಹೆಚ್ಚಿಸಿದರು. ಒಂದು ಕ್ವಿಂಟಾಲು ತೂಗಿದರೆ ಚಹಾದ ಖರ್ಚೂ ಹುಟ್ಟದಂಥ ಕಮಿಷನ್ ಕೊಟ್ಟು "ಪ್ರಾಮಾಣಿಕವಾಗಿರು" ಎಂದರೆ ಯಾರು ಇರುತ್ತಾರೆ? ತೂಕದಲ್ಲಿ ಹೊಡೆದೇ ಬದುಕಬೇಕಾದ ಸ್ಥಿತಿಗೆ ತಂದವರು ಮೊದಲು ತಪ್ಪಿತಸ್ಥರು. ಛತ್ತೀಸಗಢದಲ್ಲಿ ಕಮಿಷನ್ನಿನ ಬಾಬತ್ತಿನಲ್ಲಿ ಖರ್ಚು ಏರಿತು, ಸೋರಿಕೆಯ ಬಾಬತ್ತಿನಲ್ಲಿ ಅದರ ಎಷ್ಟೋ ಪಟ್ಟು ಉಳಿಯಿತು, ಬಡವರ ಚೀಲಕ್ಕೆ ಅಕ್ಕಿ ಬಿತ್ತು. ಅಂದರೆ ಮಿತವ್ಯಯ ಎಂದರೆ ಎಲ್ಲ ಕಡೆ ಕಡಿಮೆ ಮಾಡುವುದಲ್ಲ. ಒಮ್ಮೊಮ್ಮೆ ಸರಿಯಾದ ಜಾಗದಲ್ಲಿ ಹೆಚ್ಚು ಕೊಡುವುದೇ ಮಿತವ್ಯಯ.

ಕಥೆ ಅಲ್ಲಿಗೆ ಸುಖಾಂತವಾಯಿತು ಎಂದು ಹೇಳಿದರೆ ನಿಮಗೆ ಅರ್ಧ ಸತ್ಯ ಹೇಳಿದಂತಾದೀತು. 2015ರಲ್ಲಿ ಅದೇ ರಾಜ್ಯದ ಆಹಾರ ನಿಗಮದ ಕಚೇರಿಗಳ ಮೇಲೆ ಭ್ರಷ್ಟಾಚಾರ ನಿಗ್ರಹ ದಳದವರು ದಾಳಿ ಮಾಡಬೇಕಾಯಿತು. ಬೇಲಿ ಕಟ್ಟಿದ ಮೇಲೂ ಹೊಲ ಕಾಯುವವರು ಬೇಕು. ಆ ಮಾತಿಗೆ ಮುಂದೆ ಬರುತ್ತೇವೆ.

ಎರಡನೆಯ ನಿದರ್ಶನ ನೆರೆಯ ತಮಿಳುನಾಡಿನ ಔಷಧಿಯದು. ಅಲ್ಲಿ 1994ರಲ್ಲಿ ಸರಕಾರವೇ ಒಂದು ವೈದ್ಯಕೀಯ ಸೇವಾ ನಿಗಮ ಸ್ಥಾಪಿಸಿ, 1995ರಿಂದ ಕೆಲಸಕ್ಕೆ ಹಚ್ಚಿತು. ಅದರ ಕ್ರಮ ಸರಳವಾದುದು. ಯಾವ ಯಾವ ಔಷಧಿ ಅಗತ್ಯ ಎಂದು ತಜ್ಞರು ಕೂತು ಒಂದು ಪಟ್ಟಿ ಮಾಡುತ್ತಾರೆ. ಇಡೀ ರಾಜ್ಯಕ್ಕೆ ಬೇಕಾದದ್ದನ್ನು ಒಟ್ಟುಗೂಡಿಸಿ ಬಹಿರಂಗ ಟೆಂಡರು ಕರೆದು, ಕಂಪನಿಯ ಹೆಸರಿಗೆ ಬೆಲೆ ಕೊಡದೆ ಔಷಧಿಯ ಮೂಲ ಹೆಸರಿನಲ್ಲೇ ಕೊಳ್ಳುತ್ತಾರೆ. ಸಗಟಿನಲ್ಲಿ ಕೊಂಡವನಿಗೂ ಚಿಲ್ಲರೆಯಲ್ಲಿ ಕೊಂಡವನಿಗೂ ಬೆಲೆಯಲ್ಲಿ ಎಷ್ಟು ಅಂತರ ಎಂಬುದು ಈ ಸಭೆಯಲ್ಲಿ ಕೂತಿರುವ ಯಾವ ಕಿರಾಣಿ ಅಂಗಡಿಯವರಿಗೂ ಗೊತ್ತು.

ಮಾಲು ಜಿಲ್ಲೆಯ ಉಗ್ರಾಣಕ್ಕೆ ಬಂದೊಡನೆ ಹಂಚುವುದಿಲ್ಲ. ಅದರಿಂದ ಮಾದರಿ ತೆಗೆದು, ಯಾವ ಕಂಪನಿಯದೆಂದು ಗೊತ್ತಾಗದಂತೆ ಮಾಡಿ ಪ್ರಯೋಗಶಾಲೆಗೆ ಕಳುಹಿಸುತ್ತಾರೆ. ಅಲ್ಲಿ ಪಾಸಾದ ಮೇಲೆಯೇ ಔಷಧಿ ಆಸ್ಪತ್ರೆಗೆ ಹೋಗುವುದು. ಪ್ರತಿ ಆಸ್ಪತ್ರೆಗೂ ಬ್ಯಾಂಕಿನವರು ಕೊಟ್ಟಂತೆ ಒಂದು ಪಾಸ್‌ಬುಕ್ಕು. ಅದರಲ್ಲಿ ಆ ವರ್ಷ ಇಂತಿಷ್ಟು ರೂಪಾಯಿಯ ಔಷಧಿ ಎಂದು ಬರೆದಿರುತ್ತದೆ. ವೈದ್ಯರು ತಮಗೆ ಬೇಕಾದದ್ದನ್ನು ಆ ಮಿತಿಯೊಳಗೆ ಉಗ್ರಾಣದಿಂದ ತರಿಸಿಕೊಳ್ಳುತ್ತಾರೆ. ರಾಜಧಾನಿಯಲ್ಲಿ ಕೂತ ಗುಮಾಸ್ತ ಬೇಡದ ಮಾತ್ರೆಯನ್ನು ಗಾಡಿಗಟ್ಟಲೆ ಹಳ್ಳಿಗೆ ತಳ್ಳುವ ಪದ್ಧತಿ ಹೀಗೆ ನಿಂತಿತು. ತುರ್ತಿಗೆಂದು ಸ್ಥಳದಲ್ಲೇ ಕೊಳ್ಳಲು ಅನುದಾನದ ಸಣ್ಣದೊಂದು ಪಾಲನ್ನೂ ಇಟ್ಟರು. ಮುಂದೆ ಕೇರಳ 2007ರಲ್ಲಿ ಇಂಥದೇ ನಿಗಮ ಮಾಡಿತು. ರಾಜಸ್ಥಾನ 2011ರ ಗಾಂಧಿ ಜಯಂತಿಯಂದು ಇದೇ ದಾರಿಯಲ್ಲಿ ಉಚಿತ ಔಷಧಿ ಯೋಜನೆ ಆರಂಭಿಸಿತು. ನಮ್ಮ ರಾಜ್ಯದಲ್ಲೂ ಔಷಧಿ ಕೊಳ್ಳುವ ನಿಗಮ ಇದೆ. ಇದ್ದೂ ಸರಕಾರಿ ಆಸ್ಪತ್ರೆಯ ವೈದ್ಯರು ಚೀಟಿ ಬರೆದು "ಹೊರಗಿನಿಂದ ತನ್ನಿ" ಎಂದಾಗ, ನಾವು ವೈದ್ಯರ ಮೇಲೆ ಕೂಗಾಡಿ ಬರುತ್ತೇವೆ. ಉಗ್ರಾಣದಲ್ಲಿ ಏನಿದೆ, ಟೆಂಡರು ಏಕೆ ತಡವಾಯಿತು, ಬಿಲ್ಲು ಯಾರ ಮೇಜಿನ ಮೇಲೆ ಕೂತಿದೆ ಎಂದು ಕೇಳುವುದಿಲ್ಲ. ಇನ್ನು ಮೇಲೆ ಕೇಳಬೇಕು.

ಈ ಎರಡು ನಿದರ್ಶನಗಳಲ್ಲಿ ಕತ್ತರಿ ಬಿದ್ದದ್ದು ಎಲ್ಲಿ ಎಂದು ನೋಡಿ. ಅಕ್ಕಿಯ ಮೇಲೆ ಬೀಳಲಿಲ್ಲ, ಔಷಧಿಯ ಮೇಲೆ ಬೀಳಲಿಲ್ಲ, ತೂಗುವವನ ಕೂಲಿಯ ಮೇಲೂ ಬೀಳಲಿಲ್ಲ. ನಡುವೆ ಕೂತು ತಿನ್ನುವವನ ಮೇಲೆ ಬಿತ್ತು.

ಈಗ ನಮ್ಮ ಬೀದಿಗೆ ಬರೋಣ. ಬೀದಿ ಗುಡಿಸುವ ಕೆಲಸವನ್ನು ಗುತ್ತಿಗೆಗೆ ಕೊಟ್ಟರೆ ಅಗ್ಗ ಎಂದು ಎಷ್ಟೋ ವರ್ಷ ಹೇಳಿದರು. ಲೆಕ್ಕ ಹಾಕಿ ನೋಡಿ. ಗುಡಿಸುವ ಕೈಗಳು ಅವೇ, ಪೊರಕೆ ಅದೇ. ಹಾಗಿದ್ದರೆ ಗುತ್ತಿಗೆದಾರನ ಲಾಭ ಎಲ್ಲಿಂದ ಬಂತು? ಒಂದು, ಗುಡಿಸುವವಳ ಕೂಲಿಯಿಂದ, ಅವಳ ಪಿ.ಎಫ್. ಹಣದಿಂದ. ಇಲ್ಲವೇ, ಪಟ್ಟಿಯಲ್ಲಿ ಇದ್ದು ಬೀದಿಯಲ್ಲಿ ಇಲ್ಲದ ಹೆಸರುಗಳಿಂದ. ಮೂರನೆಯ ದಾರಿ ಇಲ್ಲ. ಮೊದಲನೆಯದಾದರೆ ಕಾರ್ಮಿಕನಿಗೆ ಮೋಸ, ಎರಡನೆಯದಾದರೆ ತೆರಿಗೆದಾರನಿಗೆ ಮೋಸ. ನಮ್ಮ ರಾಜ್ಯದ ಪೌರಕಾರ್ಮಿಕರು ವರ್ಷಗಟ್ಟಲೆ ಹೋರಾಡಿದ ಮೇಲೆ 2017ರಲ್ಲಿ ಗುತ್ತಿಗೆ ಪದ್ಧತಿ ಕೈಬಿಡುವ ತೀರ್ಮಾನವಾಯಿತು, ನೇರ ಪಾವತಿ ಬಂತು. ಅದೂ ಸಾಲದೆ 2022ರ ಜುಲೈಯಲ್ಲಿ ಕೆಲಸ ನಿಲ್ಲಿಸಿ ರಸ್ತೆಗೆ ಇಳಿದರು. ಕೊನೆಗೆ 2025ರ ಮೇ ದಿನದಂದು ಬೆಂಗಳೂರಿನಲ್ಲಿ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಖಾಯಂ ನೇಮಕಾತಿಯ ಪತ್ರ ದೊರೆಯಿತು. ಇದನ್ನು ಕೆಲವರು ಬೊಕ್ಕಸಕ್ಕೆ ಹೊರೆ ಎಂದರು. ಗುತ್ತಿಗೆದಾರನಿಗೆ ಕೊಟ್ಟಾಗ ಹೊರೆಯೆನಿಸದ ಹಣ, ಪೊರಕೆ ಹಿಡಿದವಳ ಕೈಗೆ ನೇರವಾಗಿ ಹೋದಾಗ ಹೊರೆಯಾಯಿತೇ?

ಬಂಧುಗಳೇ, ಇಷ್ಟು ಹೊತ್ತು ಬೇರೆಯವರ ತಪ್ಪು ಹೇಳಿದೆವು. ನಮ್ಮ ತಪ್ಪನ್ನೂ ಹೇಳದಿದ್ದರೆ ಈ ಭಾಷಣ ಪ್ರಾಮಾಣಿಕವಾಗದು. ಹತ್ತು ಗಂಟೆಯ ಕಚೇರಿಗೆ ಹನ್ನೊಂದೂವರೆಗೆ ಬಂದು, ಕಾಗದ ಮುಂದಕ್ಕೆ ತಳ್ಳಲು ಕೈ ಚಾಚುವ ನೌಕರನನ್ನು, ಸಂಘದ ಸದಸ್ಯ ಎಂಬ ಒಂದೇ ಕಾರಣಕ್ಕೆ ನಾವು ಕಾಪಾಡಬಾರದು. ಅವನು ನಮ್ಮ ವರ್ಗದವನಿರಬಹುದು. ಆದರೆ ಅವನ ಮೇಜಿನ ಮುಂದೆ ಕೂಲಿ ಕಳೆದುಕೊಂಡು ನಿಂತವನೂ ನಮ್ಮ ವರ್ಗದವನೇ. ಅನುಕೂಲವಿದ್ದೂ ಬಡವರ ಕಾರ್ಡು ಮಾಡಿಸಿಕೊಂಡವರು ನಮ್ಮ ಬೀದಿಯಲ್ಲೂ ಇದ್ದಾರೆ. ಗಿರಾಕಿಯಿಂದ ತೆರಿಗೆ ವಸೂಲು ಮಾಡಿ ಬೊಕ್ಕಸಕ್ಕೆ ಕಟ್ಟದ ಅಂಗಡಿಯೂ ನಮ್ಮ ಪೇಟೆಯಲ್ಲಿ ಉಂಟು. ಸೋರುವ ಮಾಡನ್ನು ದೂರುವವರು ತಮ್ಮ ಕೈಯ ಕೊಡ ತೂತಾಗಿಲ್ಲವೇ ಎಂದೂ ನೋಡಿಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ. ಸೋರಿಕೆ ತಡೆಯುತ್ತೇವೆಂದು ಹೊರಟು ಸೇವೆಯ ಬಾಗಿಲನ್ನೇ ಕಿರಿದು ಮಾಡುವುದೂ ಉಂಟು. ಬೆರಳಚ್ಚು ಹೊಂದಲಿಲ್ಲವೆಂದು ಮುದುಕಿಯನ್ನು ರೇಷನ್ ಅಂಗಡಿಯಿಂದ ಬರಿಗೈಯಲ್ಲಿ ಕಳುಹಿಸಿದರೆ ಆ ತಿಂಗಳ ಅಕ್ಕಿ ಸರಕಾರದ ಕಿರ್ದಿಯಲ್ಲಿ ಉಳಿತಾಯವೆಂದು ಕೂತೀತು. ನೂಲುವ, ನೇಯುವ ಕೈಗಳ ಗೆರೆ ಸವೆಯುತ್ತದೆ ಎಂಬುದು ಗಿರಣಿಯವರಿಗೆ ಗೊತ್ತು. ಅಂಥ ಉಳಿತಾಯ ಹಸಿದವರ ತಟ್ಟೆಯಿಂದ ಬಂದದ್ದು. ಹಾಗೆಯೇ ಸಾವಿರ ರೂಪಾಯಿಯ ಸೇವೆಯನ್ನು ಕಾಯಲು ಎರಡು ಸಾವಿರದ ಉಸ್ತುವಾರಿ ಇಟ್ಟರೆ ಮೂಗಿಗಿಂತ ಮೂಗುತಿ ಭಾರವಾದೀತು.

ಹಾಗಾದರೆ ಹೊಲ ಕಾಯುವವರು ಯಾರು? ನಾವೇ. ಕೈಯಲ್ಲಿ ಆಯುಧಗಳೂ ಇವೆ. 2005ರ ಮಾಹಿತಿ ಹಕ್ಕಿನ ಕಾಯಿದೆಯಡಿ ಹತ್ತು ರೂಪಾಯಿ ಕಟ್ಟಿ ಯಾವುದೇ ಟೆಂಡರಿನ, ಯಾವುದೇ ಬಿಲ್ಲಿನ ಪ್ರತಿ ಕೇಳಬಹುದು. 2011ರ ಸಕಾಲ ಕಾಯಿದೆಯಡಿ ಅರ್ಜಿ ಕೊಟ್ಟೊಡನೆ ಸ್ವೀಕೃತಿ ಸಂಖ್ಯೆ ಕೊಡಬೇಕು. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ಆ ಕಾಯಿದೆ ಕೊಟ್ಟಿತು. ಹಣ ಚಿಕ್ಕದು. ಆದರೆ ತಡವಾದರೆ ಅದರ ಬೆಲೆ ಕಚೇರಿಯೂ ತೆರಬೇಕು, ಅರ್ಜಿದಾರನೊಬ್ಬನೇ ಅಲ್ಲ ಎಂಬ ತತ್ವ ದೊಡ್ಡದು. ನಮ್ಮಲ್ಲಿ ಎಷ್ಟು ಮಂದಿ ಆ ಸಂಖ್ಯೆಯನ್ನು ಕೇಳಿ ಪಡೆದಿದ್ದೇವೆ? ಕೈ ಎತ್ತಿ ಎಂದರೆ ಇಲ್ಲಿ ಹೆಚ್ಚು ಕೈ ಏಳಲಾರವು.

ಆದುದರಿಂದ ಈ ಸಭೆ ಒಂದು ಕೆಲಸ ಹಚ್ಚಿಕೊಳ್ಳಲಿ ಎಂದು ನಮ್ಮ ಸೂಚನೆ. ಮುಂದೆ ಯಾರೇ ಬಂದು, ಅವರು ಯಾವ ಪಕ್ಷದವರೇ ಇರಲಿ, "ಖರ್ಚು ಇಳಿಸುತ್ತೇವೆ" ಎಂದಾಗ ಮೂರು ಪ್ರಶ್ನೆ ಕೇಳೋಣ. ಇಳಿಸಿದ ಖರ್ಚು ಯಾರ ಕಿರ್ದಿಗೆ ಹೋಗುತ್ತದೆ? ಕತ್ತರಿ ಬೀಳುವುದು ಕೆಲಸ ಮಾಡುವವನ ಮೇಲೋ, ನಡುವೆ ತಿನ್ನುವವನ ಮೇಲೋ? ಬೀದಿಯ ಜನ ಲೆಕ್ಕ ನೋಡಲು ಪುಸ್ತಕ ಬಿಚ್ಚುತ್ತೀರೋ ಇಲ್ಲವೋ? ಈ ಮೂರಕ್ಕೂ ನೇರ ಉತ್ತರ ಕೊಟ್ಟವರ ಮಿತವ್ಯಯಕ್ಕೆ ನಾವು ಬೆಂಬಲ ಕೊಡೋಣ. ಉತ್ತರ ಕೊಡದವರನ್ನು ಬೆಂಬಲ ಕೇಳಿ ಬಂದ ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸೋಣ.

ಗಿರಣಿಯವರೂ ಅಂಗಡಿಯವರೂ ಬೇರೆ ಬೇರೆ ಸಭೆ ಮಾಡಿದರೆ ಈ ಪ್ರಶ್ನೆ ಕೇಳುವುದು ಆಗದು. ಒಬ್ಬರು ತೆರಿಗೆ ಎಂದು ಕೂಗುತ್ತಾರೆ, ಇನ್ನೊಬ್ಬರು ಸೇವೆ ಎಂದು ಕೂಗುತ್ತಾರೆ, ನಡುವಿನವನು ಎರಡು ಕೂಗಿನ ಸಂದಿಯಲ್ಲಿ ತನ್ನ ಪಾಲು ಎತ್ತಿಕೊಂಡು ಹೋಗುತ್ತಾನೆ. ಕಾರ್ಮಿಕನ ಕೂಲಿ ಉಳಿದರೆ ಅದು ಸಂಜೆ ಅಂಗಡಿಗೇ ಬರುತ್ತದೆ. ಅಂಗಡಿಯವನ ತೆರಿಗೆ ಪೋಲಾಗದಿದ್ದರೆ ಅದು ಕಾರ್ಮಿಕನ ಮಗುವಿನ ಶಾಲೆಗೇ ಹೋಗುತ್ತದೆ. ಬರುವ ವಾರವೇ ಎರಡು ಕಡೆಯಿಂದಲೂ ನಾಲ್ಕು ನಾಲ್ಕು ಜನ ಸೇರಿ, ಮೊದಲಿಗೆ ನಮ್ಮ ಸರಕಾರಿ ಆಸ್ಪತ್ರೆಯ ಔಷಧಿಯ ಲೆಕ್ಕ ಕೇಳಿ ಅರ್ಜಿ ಹಾಕಲಿ. ಅರ್ಜಿಯ ಹತ್ತು ರೂಪಾಯಿಯನ್ನು ಇಬ್ಬರೂ ಐದೈದರಂತೆ ಹಾಕಲಿ.